ಮೆಷರ್ರೋ ಆಕ್ಟೋ: ಕಾರ್ಡಿಫ್‌ನಲ್ಲಿ ನಾನು ಬಾಲ ನೋಡೋಕೆ ಕಲಿತಿದ್ದು

ವೇಲ್ಸಿನ ರಾಜಧಾನಿ ಕಾರ್ಡಿಫ್‌ನ ಒಂದು ಲಾ ಆಫೀಸಲ್ಲಿ ಪ್ಯಾರಾಲೀಗಲ್ (ವಕೀಲರ ಸಹಾಯಕ ಕೆಲಸ) ಆಗಿ ಸೇರಿದ ಹೊಸದ್ರಲ್ಲಿ ಮಾಡಿದ ಎಡವಟ್ಟು ಇದು. ಫೈಲಿಗೆ ಕಾನೂನುಗಳ ಪಟ್ಟಿ ಮಾಡು ಅಂದ್ರು, ನಾನು ವೇಲ್ಸಿನ ಹೌಸಿಂಗ್ ಆಕ್ಟ್ 2011 ಅಂತ ಬರೆದುಬಿಟ್ಟೆ. ಅಂಥದ್ದೊಂದು ಆಕ್ಟೇ ಇಲ್ಲ! 2011ರದ್ದು ಮೆಷರ್ (ವೇಲ್ಸಿನ ಕಾನೂನುಗಳ ಹಳೇ ಬಗೆ), ಮನೆ ಅಭಾವ ಇರೋ ಕಡೆ ಕೌನ್ಸಿಲ್ ಮನೆ ಬಾಡಿಗೆದಾರರು ಅದೇ ಮನೆ ಕೊಂಡ್ಕೊಳ್ಳೋ ಹಕ್ಕನ್ನ ಸ್ವಲ್ಪ ಕಾಲ ತಡೆಯೋದಕ್ಕೆ ಬಂದಿದ್ದು. ಹೌಸಿಂಗ್ ಆಕ್ಟ್ ಬಂದಿದ್ದು 2014ರಲ್ಲಿ, ಅದು ಬಾಡಿಗೆಗೆ ಕೊಡೋ ಮಾಲೀಕರ ರಿಜಿಸ್ಟ್ರೇಶನ್ನು, ಲೈಸೆನ್ಸು ವಗೈರೆ.

ನಾನು ಎಲ್‌ಎಲ್‌ಬಿ ಓದಿದ್ದು ಬೆಂಗಳೂರಲ್ಲಿ, ಅಲ್ಲಿ ಅಧಿನಿಯಮ ಇಲ್ಲಾಂದ್ರೆ ಸುಗ್ರೀವಾಜ್ಞೆ, ಮುಗೀತು. ಇಲ್ಲಿ ಹಾಗಲ್ಲ, ಲಂಡನ್ನು ವೇಲ್ಸಿಗೆ ಅಧಿಕಾರ ಕಂತುಕಂತಾಗಿ ಬಿಟ್ಟುಕೊಡ್ತಾ ಬಂದ ಹಾಗೆ ಕಾನೂನಿನ ಹೆಸರೂ ಬದಲಾಗ್ತಾ ಬಂದಿದೆ. ಮೊದ್ಲು 2008ರಿಂದ ಮೆಷರ್, ಅದೂ ಪಟ್ಟಿಯಲ್ಲಿದ್ದ ವಿಷಯಗಳ ಮೇಲೆ ಮಾತ್ರ, ಪಟ್ಟಿಗೆ ಹೊಸದು ಸೇರಿಸ್ಬೇಕಂದ್ರೆ ಮತ್ತೆ ವೆಸ್ಟ್‌ಮಿನ್ಸ್ಟರ್ (ಲಂಡನ್ನಿನ ಪಾರ್ಲಿಮೆಂಟು) ಒಪ್ಪಿಗೆ ಬೇಕಿತ್ತು. 2011ರ ಮಾರ್ಚಲ್ಲಿ ಅಸೆಂಬ್ಲಿಗೆ (ವೇಲ್ಸಿನ ಶಾಸನಸಭೆಗೆ) ಹಾಗೆ ಒಪ್ಪಿಗೆ ಕೇಳ್ದೇ ಕಾನೂನು ಮಾಡೋ ಅಧಿಕಾರ ಕೊಡೋಣ್ವಾ ಅಂತ ಜನಮತ ಕೇಳಿದ್ರು, ಜನ ಹೂಂ ಅಂದ್ರು, ಆಮೇಲೆ ಅಸೆಂಬ್ಲಿ ಆಕ್ಟ್‌ಗಳು ಶುರುವಾದವು. 2020ರ ಮೇನಲ್ಲಿ ಅಸೆಂಬ್ಲಿಯ ಹೆಸರೇ ಸೆನೆಡ್ ಆಯ್ತು (ಇಲ್ಲಿಯವರ ಬಾಯಲ್ಲಿ ಸೆನೆದ್), ಅಲ್ಲಿಂದಾಚೆಗಿನವು ಸೆನೆಡ್ ಆಕ್ಟ್. ಮೆಷರ್ ಹಳೇದು ಅಂತ ಸತ್ತಿಲ್ಲ ಮತ್ತೆ, 2011ರ ವೆಲ್ಷ್ ಭಾಷಾ ಮೆಷರ್ ಇವತ್ತಿಗೂ ನಡೀತಿದೆ.

ಆಮೇಲೆ ನಾನು ಹೆಸರು ನಂಬೋದು ಬಿಟ್ಟು ಬಾಲ, ಅಂದ್ರೆ ಕಾನೂನಿನ ಹೆಸರಿನ ಜೊತೆ ಬರೋ ವರ್ಷ, ಅಕ್ಷರ, ನಂಬರ್, ನೋಡೋಕೆ ಶುರುಮಾಡ್ದೆ. ಅದರಲ್ಲಿ ಎನ್‌ಎಡಬ್ಲ್ಯೂಎಮ್ ಅಂತಿದ್ರೆ ಮೆಷರ್, ಎಎನ್‌ಎಡಬ್ಲ್ಯೂ ಅಂದ್ರೆ ಅಸೆಂಬ್ಲಿ ಆಕ್ಟ್, ಎಎಸ್‌ಸಿ ಅಂದ್ರೆ ಸೆನೆಡ್ದು. ಬರೀ ಮೆಷರ್ ಅಂತ ಹುಡುಕಿದ್ರೆ ಇಂಗ್ಲೆಂಡಿನ ಚರ್ಚ್‌ನವ್ರು ಮಾಡೋ ಮೆಷರ್‌ಗಳೂ ಬಂದು ಕೂರ್ತವೆ, ಒಂದಿನ ಅರ್ಧ ಗಂಟೆ ಪಾದ್ರಿಗಳ ವ್ಯವಹಾರ ಓದಿದೀನಿ ನಾನು.

ಬಾಲದ ನಂಬರ್ ನೋಡಿ ಯಾವ್ದು ಮೊದ್ಲು ಪಾಸಾಯ್ತು ಅಂತ ಮಾತ್ರ ಹೇಳೋಕೆ ಹೋಗ್ಬೇಡಿ. ಅಸೆಂಬ್ಲಿ ಮೊದ್ಲು ಪಾಸ್ ಮಾಡಿದ್ದು ಸ್ಥಳೀಯ ಬೈಲಾಗಳ ಬಿಲ್, ಆದ್ರೆ ಲಂಡನ್ನಿನ ಅಟಾರ್ನಿ ಜನರಲ್ ಅದನ್ನ ಸುಪ್ರೀಂ ಕೋರ್ಟಿಗೆ ಒಯ್ದ್ರು, ಕೋರ್ಟು ಸರಿ ಇದೆ ಅನ್ನೋದ್ರೊಳಗೆ ಅಧಿಕೃತ ಭಾಷೆಗಳ ಆಕ್ಟಿಗೆ ರಾಣಿ ಅಂಕಿತ ಬಿದ್ದುಹೋಗಿತ್ತು. ಹಾಗಾಗಿ 2012ರ ನಂಬರ್ 1 ಭಾಷೆದು, ಬೈಲಾದು ನಂಬರ್ 2.