ಸುಳ್ಳು ಅಲಾರಂ ಖರ್ಚಿನ ಬಿಲ್: ನನ್ನ ಅನುಭವ

ಸ್ಥಳೀಯ ಆಡಳಿತದ ವಸೂಲಿ ವಿಭಾಗದಲ್ಲಿ ನನ್ನ ಕೆಲಸ. ಬೆಂಕಿಯೇ ಇಲ್ಲದ ಕಡೆಗೆ ಅಗ್ನಿಶಾಮಕ ವಾಹನ ಓಡಿಹೋಗಿ ಬಂದರೆ, ಆ ಖರ್ಚನ್ನು ಯಾರಿಂದ ಕೇಳಬೇಕು, ಎಷ್ಟು ಕೇಳಬೇಕು, ಯಾರಿಂದ ಕೇಳಲೇಬಾರದು ಎಂಬ ಫೈಲುಗಳು ನನ್ನ ಮೇಜಿಗೆ ಬರುತ್ತವೆ.

ಕೇಳಲೇಬಾರದವರಿಂದ ಶುರು ಮಾಡುತ್ತೇನೆ. ಯಾರೋ ಪಕ್ಕದ ಮನೆಯಲ್ಲಿ ಹೊಗೆ ಕಂಡು ಗಾಬರಿಯಾಗಿ ಫೋನ್ ಮಾಡುತ್ತಾರೆ. ಹೋಗಿ ನೋಡಿದರೆ ಏನೂ ಇರುವುದಿಲ್ಲ. ಇಂಥವರಿಗೆ ಬಿಲ್ ಕಳಿಸಬಾರದು ಎಂದು ನಿಯಮದ ಕರಡಿನಲ್ಲಿ ಹಟ ಹಿಡಿದು ಬರೆಸಿದೆ. ಸುಮ್ನೆ ದುಡ್ಡು ಕಟ್ಟಬೇಕಾಗುತ್ತದೇನೋ ಅಂತ ಒಬ್ಬರು ಫೋನ್ ಎತ್ತಲು ಹಿಂದೆಮುಂದೆ ನೋಡಿದರೂ ಜೀವ ಹೋಗಬಹುದು.

ಬೇಕಂತಲೇ ಸುಳ್ಳು ಹೇಳುವವರ ವಿಷಯ ಪೊಲೀಸರಿಗೆ, ಕೋರ್ಟಿಗೆ ಸೇರಿದ್ದು. 2009ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ, ಮಗ ಬಲೂನಿನಲ್ಲಿ ಹಾರಿಹೋದ ಎಂದು ಮನೆಯವರು ಕಥೆ ಕಟ್ಟಿದ್ದರು. ಹುಡುಕಾಟದ ಖರ್ಚಿಗೆ 36,000 ಡಾಲರ್ ಕಟ್ಟಿ ಎಂದಿತು ಕೋರ್ಟ್. ಅಂಥ ಕಡೆ ನಮ್ಮ ಪಾಲು ಲೆಕ್ಕ ಒದಗಿಸುವುದಷ್ಟೇ.

ನನ್ನ ಫೈಲುಗಳಲ್ಲಿ ಜಾಸ್ತಿ ಇರುವುದು ಒಂದೇ ಕಟ್ಟಡದಿಂದ ಮತ್ತೆ ಮತ್ತೆ ಬರುವ ಅಲಾರಂ. ವಾಹನ ಹೊರಟ ಸಮಯ, ಠಾಣೆಗೆ ಮರಳಿದ ಸಮಯ, ಎಷ್ಟು ಜನ ಹೋಗಿದ್ದರು, ಇಷ್ಟನ್ನು ಕಂಟ್ರೋಲ್ ರೂಮಿನ ಲಾಗ್‌ನಿಂದ ತೆಗೆದು ಖರ್ಚು ಹಾಕುತ್ತೇನೆ. "ಸಿಬ್ಬಂದಿಗೆ ಸಂಬಳ ಹೇಗಿದ್ದರೂ ಕೊಡ್ತೀರಲ್ವಾ, ನಮ್ಮಿಂದ ಯಾಕೆ?" ಎಂದು ಮಾಲೀಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಅಷ್ಟು ಹೊತ್ತು ಆ ವಾಹನ ಬೇರೆಯವರ ಪಾಲಿಗೆ ಇರಲಿಲ್ಲ. ಹಾಗಂತ ಕಚೇರಿ ಬಾಡಿಗೆ, ಕರೆಂಟ್ ಬಿಲ್ ಎಲ್ಲ ಅದರಲ್ಲಿ ತುರುಕಲು ನಾನು ಒಪ್ಪುವುದಿಲ್ಲ. ನಿಜವಾದ ಖರ್ಚು ಮೀರಿದರೆ ಅದು ಶುಲ್ಕವಲ್ಲ, ದಂಡ. ದಂಡ ಹಾಕಲು ಬೇರೆಯೇ ಅಧಿಕಾರ ಬೇಕು. ಅದಕ್ಕೇ ಪ್ರತಿ ಬಿಲ್ ಜೊತೆ ಲೆಕ್ಕದ ಹಾಳೆ ಲಗತ್ತಿಸುತ್ತೇನೆ. ಹಾಳೆ ಕಂಡರೆ ಜಗಳ ಅರ್ಧ ತಗ್ಗುತ್ತದೆ.

ಒಂದು ವಸತಿ ಕಟ್ಟಡದಿಂದ ಪದೇ ಪದೇ ಅಲಾರಂ ಬರುತ್ತಿತ್ತು. ಕಾರಣದ ಕಾಲಂನಲ್ಲಿ ಪ್ರತಿ ಸಲವೂ 'ತಿಳಿದಿಲ್ಲ'. ಲಾಗ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಎಲ್ಲವೂ ಬೆಳಗಿನ ಹೊತ್ತು, ಎಲ್ಲವೂ ಒಂದೇ ಡಿಟೆಕ್ಟರ್ (ಹೊಗೆ ಪತ್ತೆಹಚ್ಚುವ ಉಪಕರಣ) ನಂಬರ್. ಅಗ್ನಿಶಾಮಕ ಅಧಿಕಾರಿಯ ಜೊತೆ ಹೋದರೆ, ಆ ಸ್ಮೋಕ್ ಡಿಟೆಕ್ಟರ್ ಬಚ್ಚಲುಮನೆಯ ಬಾಗಿಲ ಎದುರಿಗೇ ಇತ್ತು. ಡಿಟೆಕ್ಟರ್ ಒಳಗಿನ ಬೆಳಕು ಹೊಗೆಯ ಕಣಕ್ಕೆ ಬಡಿದು ಚದುರಿದರೆ ಅದು ಕೂಗುತ್ತದೆ. ಬಿಸಿನೀರಿನ ಆವಿಯ ಹನಿಗಳೂ ಬೆಳಕನ್ನು ಹಾಗೇ ಚದುರಿಸುತ್ತವೆ. ಮಾಲೀಕರು ಡಿಟೆಕ್ಟರನ್ನು ದೂರಕ್ಕೆ ಸರಿಸಿ, ರಿಪೇರಿಯ ರಸೀದಿ ಕೊಟ್ಟರು. ಮೊದಲ ಬಿಲ್ ಮನ್ನಾ ಮಾಡಿದೆವು, ನಿಯಮದಲ್ಲೇ ಅದಕ್ಕೆ ಅವಕಾಶ ಇಟ್ಟಿದ್ದೆವು. ಆಮೇಲೆ ಅಲ್ಲಿಂದ ಅಂಥ ಕರೆ ಬರಲಿಲ್ಲ. ಬೇರೆ ಕಡೆ ಡಿಟೆಕ್ಟರ್ ಒಳಗೆ ಹುಳ ಹೊಕ್ಕಿರುತ್ತದೆ, ಇಲ್ಲವೇ ಗೋಡೆ ಉಜ್ಜಿದ ಧೂಳು ಕೂತಿರುತ್ತದೆ.

ಬಿಲ್ ಬಿಟ್ಟು ಬೇರೆ ದಾರಿ ಹಿಡಿದ ಊರುಗಳೂ ಇವೆ. ಕಳ್ಳತನದ ಅಲಾರಂ ಮೊಳಗಿದರೆ, ಯಾರಾದರೂ ಕಣ್ಣಾರೆ ನೋಡಿ ಖಚಿತಪಡಿಸದೆ ಪೊಲೀಸರು ಹೋಗುವುದಿಲ್ಲ ಎಂಬ ನಿಯಮವನ್ನು ಅಮೆರಿಕದ ಸಾಲ್ಟ್ ಲೇಕ್ ಸಿಟಿ 2000ರಲ್ಲಿ ತಂದಿತು. 2024ರ ಅಕ್ಟೋಬರ್‌ನಿಂದ ಲಂಡನ್ನಿನಲ್ಲಿ ಹಗಲು ಹೊತ್ತು ಬಹುತೇಕ ವಾಣಿಜ್ಯ ಕಟ್ಟಡಗಳಿಗೆ ಬರೀ ಅಲಾರಂ ಕೇಳಿ ಅಗ್ನಿಶಾಮಕ ದಳ ಹೋಗುವುದಿಲ್ಲ. ಬೆಂಕಿ ಇದೆಯೆಂದು ಯಾರಾದರೂ ಫೋನ್ ಮಾಡಬೇಕು. ಮನೆ, ಆಸ್ಪತ್ರೆಗಳಿಗೆ ಈ ನಿರ್ಬಂಧವಿಲ್ಲ. ಆದರೂ ನನ್ನ ಮನಸ್ಸು ಬಿಲ್ ಕಡೆಗೇ ವಾಲುತ್ತದೆ. ವಾಹನ ಬರಲಿ, ಖರ್ಚಿನ ಮಾತು ಆಮೇಲೆ.

ಈಗ ಬಿಲ್ಲಿನ ಪ್ರತಿಯನ್ನು ಮಾಲೀಕರ ಜೊತೆಗೆ ಅಲಾರಂ ನೋಡಿಕೊಳ್ಳುವ ಗುತ್ತಿಗೆದಾರರಿಗೂ ಕಳಿಸುತ್ತೇವೆ. ಕೆಟ್ಟ ಡಿಟೆಕ್ಟರ್ ಬದಲಾಯಿಸುವವರು ಅವರೇ ಅಲ್ವಾ.