ಮಳೆಗಾಲದಲ್ಲೇ ಸಡಾ ಸರ್ವೆ: ನನ್ನ ಅನುಭವ

ಗಣಿಗೆ ಅನುಮತಿ ಕೇಳುವಾಗ ಕೊಡುವ ಪರಿಸರ ಪರಿಣಾಮದ ವರದಿಗೆ (ಇಐಎ) ಜೀವಿಗಳ ಸರ್ವೆ ಮಾಡಿಕೊಡುವುದು ನನ್ನ ಕೆಲಸ. ಅದಕ್ಕೆ ಒಂದೇ ಸೀಸನ್ನಿನ ಡೇಟಾ ಸಾಕು, ಅದೂ ಮಳೆಗಾಲ ಬಿಟ್ಟು. ಗೋವಾದ ಸಡಾಗಳಿಗೆ, ಅಂದರೆ ಗುಡ್ಡದ ಮೇಲಿನ ಮುರಕಲ್ಲಿನ ಸಮತಟ್ಟು ಬಯಲುಗಳಿಗೆ, ಇದೇ ಶನಿ. ಏಪ್ರಿಲ್‌ನಲ್ಲಿ ಹೋದರೆ ಕಾದ ಕಲ್ಲು, ಒಣಹುಲ್ಲು, ನಾಲ್ಕು ಮೈನಾ. ‘ಬಂಜರು’ ಅಂತ ಬರೆದು ಬಿಲ್ ಕಳಿಸಿದರೆ ಆಯಿತು. ಆಗಸ್ಟ್‌ನಲ್ಲಿ ಅದೇ ಕಲ್ಲಿನ ಮೇಲೆ ಬೆರಳು ಮುಳುಗುವಷ್ಟು ನೀರು, ಅದರ ತುಂಬ ಹುಳ ತಿನ್ನುವ ಯುಟ್ರಿಕ್ಯುಲೇರಿಯಾದ ನೀಲಿ ಹೂ.

ಮಳೆಯಲ್ಲೇ ಸರ್ವೆ ಮಾಡ್ತೀನಿ ಅಂದಾಗ ವಾಸ್ಕೋದ ನಮ್ಮ ಟೀಮಿನವರೇ ನಕ್ಕರು. ‘ಕೇಳದ ಡೇಟಾಗೆ ದುಡ್ಡು ಯಾರು ಕೊಡ್ತಾರೆ ಮಾರಾಯಾ?’ ಯಾರೂ ಕೊಡಲಿಲ್ಲ. ಇಡೀ ಕೆಲಸಕ್ಕೆ ಸಿಕ್ಕಿದ್ದು 40 ಸಾವಿರದ ಆಸುಪಾಸು, ಅದರಲ್ಲಿ 15-16 ಸಾವಿರ ಮಳೆಗಾಲದ ಓಡಾಟಕ್ಕೇ ಹೋಯಿತು.

ಕಪ್ಪೆ ಕೂಗಿಗೆ ರೆಕಾರ್ಡರ್ ಇಡುವುದರಲ್ಲೇ ಜಾಸ್ತಿ ಒದ್ದಾಟ. ಜಿಪ್ ಚೀಲದಲ್ಲಿಟ್ಟರೆ ಪ್ಲಾಸ್ಟಿಕ್ ಮೇಲೆ ಹನಿ ಬೀಳುವ ಪಟಪಟ ಬಿಟ್ಟು ಬೇರೇನೂ ಇಲ್ಲ. ಪಿವಿಸಿ ಪೈಪಿನೊಳಗಿಟ್ಟರೆ ಇರುವೆ ಗೂಡು. ಒಂದಕ್ಕಂತೂ ನೀರು ನುಗ್ಗಿ 7-8 ಸಾವಿರ ಗೋವಿಂದ! ಈಗ ಇಡುವ ರೀತಿ ಬೇರೆ, ಅದನ್ನು ಇಲ್ಲಿ ಬರೆಯಲ್ಲ, ಹೊಟ್ಟೆಪಾಡು ಅಲ್ವಾ. ಜೋರು ಮಳೆ ನಿಂತ ಮೇಲೆ, ಕತ್ತಲಾದ ಮೊದಲ 2 ತಾಸು ಮುಖ್ಯ, ಇಷ್ಟು ಹೇಳ್ತೀನಿ. ಬೇಸಿಗೆಯಿಡೀ ಮಣ್ಣೊಳಗೆ ಹೂತುಕೊಂಡಿರುವ ಕಪ್ಪೆ ಸಿಕ್ಕಿದ್ದು ಹಾಗೆ.

ಸುಮ್ನೆ ಒಂದು ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಹಾದರೆ ತಾನೇ ಫೋಟೋ ತೆಗೆಯುವಂಥದ್ದು) ಕೂಡ ಕಟ್ಟಿದ್ದೆ. ನೂರಾರು ಫೋಟೋ, ಎಲ್ಲದರಲ್ಲೂ ಎಮ್ಮೆ. ಆದರೆ ಆ ಎಮ್ಮೆಗಳ ಒಡೆಯರನ್ನು ಹುಡುಕಿ ಮಾತಾಡಿಸಿದ್ದಕ್ಕೆ, ಮಳೆ ಹೋದ ಮೇಲೂ ಎಷ್ಟೋ ದಿನ ನೀರು ಉಳಿಯುವ ಒಂದು ಗುಂಡಿ ತೋರಿಸಿದರು. ನಕ್ಷೆಯಲ್ಲಿ ಅದು ಇರಲೇ ಇಲ್ಲ, ಗಣಿಯ ಗುರುತು ಸರಿಯಾಗಿ ಅದರ ಮೇಲೇ.

ಪ್ರತಿ ಜೀವಿಗೂ ಫೋಟೋ ಇಲ್ಲವೇ ಧ್ವನಿ, ತಾರೀಕು, ಜಿಪಿಎಸ್. ಇವಿಲ್ಲದ್ದು ಪಟ್ಟಿಗೆ ಇಲ್ಲ. ನನಗೆ ಮಾದರಿ ಅಂತ ಕೊಟ್ಟಿದ್ದ ಹಳೇ ರಿಪೋರ್ಟಿನಲ್ಲಿ ಕೃಷ್ಣಮೃಗ ಇತ್ತು. ಗೋವಾದಲ್ಲಿ! ಎಲ್ಲಿಂದಲೋ ಕಾಪಿ ಹೊಡೆದಿದ್ದು.

ಆ ಗುಂಡಿಯ ವಿಷಯ ವರದಿಗೆ ಹಾಕಿದ್ದಕ್ಕೆ ಗಣಿ ಯೋಜನೆಯವರು ಮುಖ ಗಂಟಿಕ್ಕಿದರು. ಆಗ ಗೋವಾದ ಮೋಪಾ ವಿಮಾನ ನಿಲ್ದಾಣದ ಕಥೆ ತೆಗೆದೆ. ಅದೂ ಇಂಥದ್ದೇ ಸಡಾ. ಅರ್ಜಿಯಲ್ಲಿ ಕಾಡು, ಸೂಕ್ಷ್ಮ ಪ್ರದೇಶಗಳ ವಿಷಯ ಮುಚ್ಚಿಟ್ಟಿದ್ದಕ್ಕೆ ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ಪರಿಸರ ಅನುಮತಿಯನ್ನೇ ಅಮಾನತಿನಲ್ಲಿಟ್ಟಿತು, ತೆರವಾಗಿದ್ದು 2020ರ ಜನವರಿಯಲ್ಲಿ. ‘ಅಷ್ಟು ತಿಂಗಳು ಮಷಿನ್ ನಿಂತರೆ ಬಡ್ಡಿ ಎಷ್ಟು, ಲೆಕ್ಕ ಹಾಕಿ’ ಅಂದೆ. ಹಾಕಿದರು. ಗುಂಡಿಯನ್ನು ಗಣಿಯ ಗಡಿಯಿಂದ ಹೊರಗಿಟ್ಟರು, ಅನುಮತಿಯ ಅರ್ಜಿ ನೋಡುವ ತಜ್ಞರ ಸಮಿತಿ ನನ್ನ ಅಧ್ಯಾಯದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಈ ವರ್ಷ ಇನ್ನೆರಡು ಕೆಲಸ ಬಂದಿವೆ. ಕೊಟೇಶನ್ನಿನಲ್ಲಿ ಮಳೆಗಾಲಕ್ಕೇ ಬೇರೆ ಸಾಲು ಹಾಕಿದ್ದೇನೆ, ಅರ್ಧ ಅಡ್ವಾನ್ಸ್.