ನೂರು ಮೀಟರ್ ಕೆಳಗಿನ ನೀರು: ಮರಳಿನ ಪಂಪಿಗೆ ಷರತ್ತು ಹಾಕಿಸಿದ ನನ್ನ ಅನುಭವ

ಸಕ್ಷನ್ ಪಂಪಿನಿಂದ ಮರಳು ಎತ್ತುವಾಗ ಹೊಳೆ ಎಷ್ಟು ಕದಡುತ್ತದೆ ಎಂಬುದನ್ನು ಪಾರದರ್ಶಕ ಕೊಳವೆಯೊಂದರಿಂದ ಅಳೆದು, ಆ ಅಳತೆಯ ಬಲದಿಂದಲೇ ಪಂಪಿಗೆ ಷರತ್ತು ಹಾಕಿಸಬಹುದು ಎಂದು ನಾನು ಹೇಳಿದಾಗ ನಮ್ಮ ಬಳಗದಲ್ಲಿಯೇ ಹೆಚ್ಚಿನವರು ನಂಬಲಿಲ್ಲ. ನೀರಿನ ಪರೀಕ್ಷೆಯಲ್ಲಿ ನನಗಿಂತ ಪಳಗಿದ ಹಿರಿಯರೊಬ್ಬರು, "ಈ ಕೊಳವೆಯ ಲೆಕ್ಕ ಯಾವ ಕಚೇರಿಯಲ್ಲೂ ನಡೆಯುವುದಿಲ್ಲ ಮಾರಾಯರೇ" ಎಂದು ನೇರವಾಗಿಯೇ ಹೇಳಿದರು. ನೇತ್ರಾವತಿಯ ಕೆಳಭಾಗದಲ್ಲಿ ಕಳೆದ ಬೇಸಿಗೆಯಲ್ಲಿ ಅದೇ ಕೊಳವೆಯಿಂದ ಕೆಲಸ ಕೈಗೂಡಿರುವುದರಿಂದ, ಬೇರೆ ಹೊಳೆಗಳಲ್ಲಿ ಇದೇ ಕೆಲಸ ಮಾಡುತ್ತಿರುವವರ ಉಪಯೋಗಕ್ಕೆ ಇದನ್ನು ಬರೆಯುತ್ತಿದ್ದೇನೆ. ಮಾದರಿ ತೆಗೆಯುವುದು, ಬಾಟಲಿ ತೊಳೆಯುವುದು, ನೀರಿನ ಕದಡನ್ನು ಅಳೆಯುವ ಮಾನವಾದ ಎನ್‌ಟಿಯು ಎಂದರೇನು ಎಂಬುದೆಲ್ಲ ಓದುವವರಿಗೆ ಗೊತ್ತಿದೆ ಎಂದೇ ಭಾವಿಸಿದ್ದೇನೆ.

ನಮ್ಮ ಕರಾವಳಿಯಲ್ಲಿ ಪಂಪು ಎರಡು ಬಗೆಯ ಜಾಗಗಳಲ್ಲಿ ಓಡುತ್ತದೆ. ಅಳಿವೆಯ ಸಮೀಪದ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ವ್ಯಾಪ್ತಿಯಲ್ಲಿ ಮರಳು ದಿಬ್ಬಗಳನ್ನು ತೆರವು ಮಾಡಲು ಅವಕಾಶ ಇರುವುದು ಸಾಂಪ್ರದಾಯಿಕವಾಗಿ, ಕೈಯಿಂದ ಮರಳು ತೆಗೆಯುವವರಿಗೆ ಮಾತ್ರ. ಅಲ್ಲಿ ಪಂಪು ಕಂಡರೆ ಅದು ಅಕ್ರಮವೇ, ಷರತ್ತಿನ ಮಾತೇ ಬರುವುದಿಲ್ಲ. ಮೇಲ್ಗಡೆ ಕಿಂಡಿ ಅಣೆಕಟ್ಟುಗಳ ಹಿನ್ನೀರಿನಲ್ಲಿ ಮಾತ್ರ ಹೂಳು ತೆಗೆಯುವ ಗುತ್ತಿಗೆಯ ಹೆಸರಿನಲ್ಲಿ ಡ್ರೆಜ್ಜರ್‌ಗಳು, ಅಂದರೆ ತಳದ ಹೂಳನ್ನು ಪಂಪಿನಿಂದ ಎತ್ತುವ ಯಂತ್ರಗಳು, ಕಾನೂನುಬದ್ಧವಾಗಿಯೇ ಇಳಿಯುತ್ತವೆ. ಕಾಗದಪತ್ರ ಸರಿಯಿರುವ ಯಂತ್ರವನ್ನು ನಿಲ್ಲಿಸಿ ಎಂದು ಕೇಳಲು ಆಗುವುದಿಲ್ಲ. ಹೇಗೆ ಓಡಬೇಕು, ಯಾವಾಗ ನಿಲ್ಲಬೇಕು ಎಂದು ಕೇಳಬಹುದು. ನನ್ನ ಕ್ರಮ ಮುಖ್ಯವಾಗಿ ಈ ಎರಡನೆಯ ಜಾಗಕ್ಕೆ ಸಲ್ಲುವಂಥದು.

ಮೊದಮೊದಲು ನಾವೂ ಎಲ್ಲರಂತೆ ಫೋಟೊ, ವಿಡಿಯೊಗಳನ್ನೇ ನೆಚ್ಚಿಕೊಂಡಿದ್ದೆವು. ಕೆಂಪು ನೀರು ಹೊಳೆಯ ಅರ್ಧದವರೆಗೆ ಹರಡಿರುವ ಚಿತ್ರಗಳನ್ನು ಅಧಿಕಾರಿಗಳಿಗೆ ಕಟ್ಟುಕಟ್ಟಾಗಿ ಕೊಟ್ಟೆವು. ಪ್ರತಿ ಸಲವೂ ಬಂದ ಉತ್ತರ ಒಂದೇ: ಮಳೆ ಬಂದಾಗ ಹೊಳೆ ಇದಕ್ಕಿಂತ ಕೆಂಪಾಗುತ್ತದೆ. ಅದು ಸುಳ್ಳಲ್ಲ, ಆದ್ದರಿಂದಲೇ ಆ ಉತ್ತರಕ್ಕೆ ಎದುರು ಹೇಳಲು ಫೋಟೊದಿಂದ ಆಗುವುದಿಲ್ಲ. ಆಷಾಢದ ಕೆಂಪು ನೀರು ರಭಸದಿಂದ ಹರಿದು ಕಡಲು ಸೇರುತ್ತದೆ. ಫೆಬ್ರವರಿಯ ಕೆಂಪು ನೀರು ನಿಂತ ಹಿನ್ನೀರಿನಲ್ಲಿಯೇ ಉಳಿದು, ಅಲ್ಲಿಯೇ ತಳ ಸೇರುತ್ತದೆ. ಈ ವ್ಯತ್ಯಾಸವನ್ನು ಅಂಕಿಯಲ್ಲಿ ತೋರಿಸದೆ ಮುಂದಿನ ದಾರಿ ಇರಲಿಲ್ಲ.

ಪಂಪು ಎತ್ತುವುದು ಬರೀ ಮರಳನ್ನಲ್ಲ, ಮರಳು ಬೆರೆತ ನೀರನ್ನು. ಮರಳು ಒಂದೆರಡು ನಿಮಿಷಗಳಲ್ಲಿ ತಳಕ್ಕಿಳಿಯುತ್ತದೆ, ಉಳಿದ ನೀರು ದೋಣಿಯ ಅಂಚಿನಿಂದಲೋ ದಡದ ಗುಂಡಿಯ ತೂಬಿನಿಂದಲೋ ಹೊಳೆಗೆ ವಾಪಸು ಬರುತ್ತದೆ. ಆ ನೀರಿನಲ್ಲಿ ಬರುವ ಹತ್ತು ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಗಾತ್ರದ ಹೂಳು ನಿಂತ ನೀರಿನಲ್ಲಿ ಒಂದು ಮೀಟರ್ ಇಳಿಯಲು ಸುಮಾರು 3 ಗಂಟೆ ಬೇಕು, ಎರಡು ಮೈಕ್ರಾನಿನ ಜೇಡಿಗೆ ಸುಮಾರು 3 ದಿನ ಬೇಕು. ಆದ್ದರಿಂದ ನಾವು ಕಣ್ಣಿಡಬೇಕಾದದ್ದು ಹೀರುವ ಬಾಯಿಯ ಮೇಲಲ್ಲ, ನೀರು ವಾಪಸು ಬೀಳುವ ಬಾಯಿಯ ಮೇಲೆ.

ಆರಂಭದಲ್ಲಿ ಬಾಟಲಿಗಳನ್ನು ತುಂಬಿ ಖಾಸಗಿ ಪ್ರಯೋಗಾಲಯಕ್ಕೆ ಕಳಿಸಿದೆವು. ಒಂದು ಮಾದರಿಯ ತೇಲುಘನ (ನೀರಿನಲ್ಲಿ ತೇಲಾಡುವ ಕಣಗಳ ತೂಕ) ಮತ್ತು ಕದಡಿನ ಪರೀಕ್ಷೆಗೆ ನಾನೂರು ರೂಪಾಯಿಯ ಆಸುಪಾಸು ಖರ್ಚಾಗುತ್ತಿತ್ತು, ವರದಿ ಬರಲು ವಾರ ಹಿಡಿಯುತ್ತಿತ್ತು. ಅಷ್ಟರಲ್ಲಿ ಪಂಪು ಜಾಗ ಬದಲಿಸಿ ಆಗಿರುತ್ತಿತ್ತು. ಬಳಿಕ ಸ್ನೇಹಿತರೊಬ್ಬರು ಕೈಯಲ್ಲಿ ಹಿಡಿಯುವ ಮೀಟರ್ ಕೊಡಿಸಿದರು. ಇಪ್ಪತ್ತೈದು ಸಾವಿರದಷ್ಟು ಬೆಲೆಯ ಆ ಮೀಟರಿನ ಗಾಜಿನ ಕುಪ್ಪಿಗೆ ದೋಣಿಯಲ್ಲಿ ಗೀರು ಬಿದ್ದು, ಒಂದೇ ನೀರಿಗೆ ಮೂರು ಬೇರೆ ಬೇರೆ ಅಂಕಿ ತೋರಿಸತೊಡಗಿತು. ಹೊಸ ಕುಪ್ಪಿ ತರಿಸುವಷ್ಟರಲ್ಲಿ ಆ ಬೇಸಿಗೆಯೇ ಮುಗಿಯಿತು. ಅಳಿವೆಯ ಕಡೆಗಿನ ಪಂಪುಗಳನ್ನು ಅಳೆಯಹೋದಾಗಿನ ಕಷ್ಟ ಇನ್ನೊಂದು ಬಗೆಯದು. ಅಲ್ಲಿ ಆರು ಗಂಟೆ ಮೇಲು ಎನಿಸಿದ್ದು ಮುಂದಿನ ಆರು ಗಂಟೆ ಕೆಳಗಾಗುತ್ತದೆ; ಇಳಿತದಲ್ಲಿ ಕೆಳಗೆ ಹೋದ ಕೆಸರು ಉಬ್ಬರದಲ್ಲಿ ಪಂಪನ್ನು ದಾಟಿ ಮೇಲೆ ಬರುವುದರಿಂದ, ಶುದ್ಧವೆಂದು ತೆಗೆದ ಮೇಲಿನ ಮಾದರಿಯೇ ಕೆಳಗಿನದಕ್ಕಿಂತ ಹೆಚ್ಚು ಕದಡಿರುತ್ತಿತ್ತು. ಉಪ್ಪುನೀರಿನಲ್ಲಿ ಜೇಡಿಯ ಕಣಗಳು ಒಂದಕ್ಕೊಂದು ಅಂಟಿ ಬೇಗ ಮುಳುಗುವುದರಿಂದ ಮೇಲ್ಮೈ ನೀರು ತಿಳಿಯಾಗಿಯೇ ಕಾಣುತ್ತಿತ್ತು. ಹಾನಿಯೆಲ್ಲ ತಳದಲ್ಲಿದ್ದ ಮರುವಾಯಿ ಚಿಪ್ಪುಗಳ ಮೇಲೆ ಕೂರುತ್ತಿತ್ತು. ಇಷ್ಟನ್ನು ಕಂಡ ಮೇಲೆ ಒಂದೇ ದಿಕ್ಕಿಗೆ ಹರಿಯುವ ಸಿಹಿನೀರಿನ ಭಾಗಕ್ಕೆ ಕೆಲಸವನ್ನು ಸ್ಥಳಾಂತರಿಸಿದೆ. ಈ ತೀರ್ಮಾನವೇ ಮುಂದಿನದನ್ನೆಲ್ಲ ಸಾಧ್ಯವಾಗಿಸಿತು ಎಂದು ಈಗಲೂ ನಂಬಿದ್ದೇನೆ.

ಕೊಳವೆಯನ್ನು ಊರಿನಲ್ಲಿಯೇ ಮಾಡಿಸಿದೆ. ಅಕ್ರಿಲಿಕ್ ಕೊಳವೆ, ಉದ್ದ 120 ಸೆಂಟಿಮೀಟರ್, ಒಳವ್ಯಾಸ ನಾಲ್ಕೂವರೆ ಸೆಂಟಿಮೀಟರಿಗೆ ಹತ್ತಿರ. ತಳದಲ್ಲಿ ಕಪ್ಪು-ಬಿಳುಪಿನ ನಾಲ್ಕು ಭಾಗಗಳ ಬಿಲ್ಲೆ, ಬದಿಯಲ್ಲಿ ನೀರು ಬಿಡುವ ಸಣ್ಣ ನಳಿಕೆ. ಮಾರುಕಟ್ಟೆಯಲ್ಲಿ ಸಿಗುವ 60 ಸೆಂಟಿಮೀಟರಿನ ಕೊಳವೆ ಬೇಸಿಗೆಯ ನೇತ್ರಾವತಿಗೆ ಸಾಲದು, ಏಕೆಂದರೆ ತಿಳಿನೀರಿನಲ್ಲಿ ಬಿಲ್ಲೆ ಮರೆಯಾಗುವುದೇ ಇಲ್ಲ. ನೀರು ತುಂಬಿದ ಕೂಡಲೇ, ಸೂರ್ಯನಿಗೆ ಬೆನ್ನು ಹಾಕಿ, ತನ್ನ ನೆರಳನ್ನೇ ಕೊಳವೆಯ ಮೇಲೆ ಬೀಳಿಸಿಕೊಂಡು ಮೇಲಿನಿಂದ ಬಿಲ್ಲೆಯನ್ನು ನೋಡಬೇಕು. ನಳಿಕೆಯನ್ನು ಸಡಿಲಿಸುತ್ತಾ ಹೋದಂತೆ ಮೊದಲು ಬಿಳಿಯ ಭಾಗ ಮಸುಕಾಗಿ ಹೊಳೆಯುತ್ತದೆ, ಆಮೇಲೆ ಕಪ್ಪು-ಬಿಳುಪಿನ ಗೆರೆ ಒಡೆದು ಕಾಣುತ್ತದೆ. ಆ ಗೆರೆ ಕಂಡ ಎತ್ತರವನ್ನೇ ಬರೆದುಕೊಳ್ಳಬೇಕು, ಬಿಳಿ ಹೊಳೆದ ಎತ್ತರವನ್ನಲ್ಲ. ಎತ್ತರ ಕಡಿಮೆಯಾದಷ್ಟೂ ನೀರು ಹೆಚ್ಚು ಕದಡಿದೆ ಎಂದರ್ಥ. ಇಬ್ಬರು ಬೇರೆ ಬೇರೆಯಾಗಿ ನೋಡಿ, ಒಬ್ಬರ ಅಂಕಿ ಇನ್ನೊಬ್ಬರಿಗೆ ಹೇಳದೆ ಬರೆಯುವ ಕ್ರಮವನ್ನು ನಾನು ಎಂದೂ ಸಡಿಲಿಸಲಿಲ್ಲ.

ಕೊಳವೆಯ ಅಂಕಿಯನ್ನು ಪ್ರಯೋಗಾಲಯದ ಅಂಕಿಗೆ ಹೊಂದಿಸಲು ಅದೇ ಹೊಳೆಯ, ಅದೇ ಹೂಳಿನ ನೀರೇ ಬೇಕು. ಪುಸ್ತಕದ ಪಟ್ಟಿ ಹತ್ತಿರಕ್ಕೆ ಬರುತ್ತದೆಯೇ ಹೊರತು ಸರಿಯಾಗಿ ಕೂರುವುದಿಲ್ಲ. ನಮ್ಮ ನೀರಿಗೆ 10 ಎನ್‌ಟಿಯು ಎಂದರೆ ಸುಮಾರು 50 ಸೆಂಟಿಮೀಟರ್, 100 ಎನ್‌ಟಿಯು ಎಂದರೆ ಹತ್ತು ಹನ್ನೊಂದು ಸೆಂಟಿಮೀಟರ್ ಎಂದು ನೆನಪು. ಮೂವತ್ತು ನಲವತ್ತು ಮಾದರಿಗಳನ್ನು ಎರಡೂ ಕಡೆ ಅಳೆದು ಗೆರೆ ಎಳೆದ ಮೇಲೆ ಪ್ರಯೋಗಾಲಯಕ್ಕೆ ಹೋಗುವ ಅಗತ್ಯ ಬಹುಮಟ್ಟಿಗೆ ತಪ್ಪಿತು. ಬಿಲ್ಲೆಗೆ ನಾನು ಬಳಿಯುವ ಬಣ್ಣ ಯಾವುದು, ಪಾಚಿ ಹತ್ತದಂತೆ ಏನು ಸವರುತ್ತೇನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಇನ್ನೊಂದು ಮಳೆಗಾಲ ತಾಳಿದರೆ ಆಗ ಹೇಳುವೆ.

ಹಿರಿಯರು ಹೇಳಿದ್ದು ಕಾನೂನಿನ ಮಟ್ಟಿಗೆ ಸರಿಯಾಗಿಯೇ ಇತ್ತು. 1974ರ ಜಲ ಮಾಲಿನ್ಯ ನಿಯಂತ್ರಣ ಕಾಯ್ದೆಯ 21ನೇ ಕಲಮಿನ ಪ್ರಕಾರ, ಹೊರಬಿಡುವ ನೀರಿನ ಮಾದರಿಯನ್ನು ಅಧಿಕಾರವುಳ್ಳವರೇ ತೆಗೆಯಬೇಕು, ಸಂಬಂಧಪಟ್ಟವರಿಗೆ ನೋಟಿಸು ಕೊಟ್ಟು ಅವರ ಸಮ್ಮುಖದಲ್ಲಿ ಮಾದರಿಯನ್ನು ಎರಡು ಭಾಗ ಮಾಡಿ, ಮುದ್ರೆ ಒತ್ತಿ, ಸಹಿ ಹಾಕಿಸಿ, ಮಾನ್ಯತೆಯಿರುವ ಪ್ರಯೋಗಾಲಯಕ್ಕೆ ಕಳಿಸಬೇಕು. ನನ್ನ ಕೊಳವೆಯ ಅಂಕಿಗೆ ಅಲ್ಲಿ ಬೆಲೆಯಿಲ್ಲ. ಆದರೆ ಹಾಗೆ ವಿಧಿವತ್ತಾಗಿ ತೆಗೆದ ಮಾದರಿ ಹಿಂದೊಮ್ಮೆ ತಿಳಿಯಾಗಿ ಬಂದು ನಮ್ಮ ದೂರೇ ಬಿದ್ದುಹೋಗಿತ್ತು. ತೆಗೆದ ಹೊತ್ತು ಪಂಪು ನಿಂತಿದ್ದ ಹೊತ್ತು, ತೆಗೆದ ಜಾಗ ತಪ್ಪು ದಡ. ಕೊಳವೆಯ ನಿಜವಾದ ಕೆಲಸ ಇಲ್ಲಿದೆ: ಯಾವ ಗಂಟೆಯಲ್ಲಿ, ಯಾವ ದಡದಲ್ಲಿ, ಎಷ್ಟು ದೂರದಲ್ಲಿ ಬಾಟಲಿ ಮುಳುಗಿಸಿದರೆ ಸತ್ಯ ಸಿಗುತ್ತದೆ ಎಂಬುದನ್ನು ಅದು ಮೊದಲೇ ಹೇಳಿಬಿಡುತ್ತದೆ.

ಹಿನ್ನೀರಿನಲ್ಲಿ ಮಧ್ಯಾಹ್ನದ ಬಳಿಕ ಕಡಲ ಗಾಳಿ ಎದ್ದು ಮೇಲ್ಮೈ ಕೆಸರನ್ನು ಪೂರ್ವಕ್ಕೆ, ಅಂದರೆ ಹೊಳೆಯ ಮೇಲಕ್ಕೆ ತಳ್ಳುತ್ತದೆ; ಬೆಳಿಗ್ಗೆ ಎಂಟರಿಂದ ಹನ್ನೊಂದರ ಒಳಗಿನ ಅಳತೆ ಮಾತ್ರ ನಂಬತಕ್ಕದ್ದು. ಪಂಪು ಶುರುವಾದ ಸುಮಾರು ಒಂದೂವರೆ ಗಂಟೆಗೆ ಕೆಸರು ನೂರು ಮೀಟರ್ ಕೆಳಗೆ ಮುಟ್ಟಿ ಒಂದೇ ಮಟ್ಟಕ್ಕೆ ನಿಲ್ಲುತ್ತಿತ್ತು. ಪಂಪಿನ ಮೇಲ್ಗಡೆ ಬಿಲ್ಲೆ ಕೊಳವೆಯ ಪೂರ್ತಿ ಉದ್ದಕ್ಕೂ ಕಾಣುತ್ತಿದ್ದರೆ, ಕೆಳಗಡೆ ಹದಿನೈದು ಸೆಂಟಿಮೀಟರಿಗೇ ಮರೆಯಾಗುತ್ತಿತ್ತು. ಈ ಪಟ್ಟಿಯನ್ನು, ಪಂಪು ನಿಂತ ದಿನಗಳ ಪಟ್ಟಿಯ ಪಕ್ಕದಲ್ಲಿಟ್ಟು, ಎರಡೇ ಪುಟಗಳಲ್ಲಿ ಕೊಟ್ಟೆವು. ಹಿನ್ನೀರಿನಿಂದಲೇ ಕುಡಿಯುವ ನೀರು ಎತ್ತುತ್ತಿದ್ದುದರಿಂದ ನಮಗೆ ಇನ್ನೊಂದು ಸಾಕ್ಷ್ಯವೂ ಸಿಕ್ಕಿತು. ಬಿಐಎಸ್‌ನ (ಭಾರತೀಯ ಮಾನಕ ಸಂಸ್ಥೆಯ) 10500 ಮಾನದಂಡದಂತೆ ಕುಡಿಯುವ ನೀರಿನ ಕದಡು 1 ಎನ್‌ಟಿಯು ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 5ರವರೆಗೆ ಒಪ್ಪಿಗೆಯಿದೆ. ಪಂಪು ಓಡಿದ ದಿನಗಳಲ್ಲಿ ಶುದ್ಧೀಕರಣಕ್ಕೆ ಸುರಿದ ಆಲಂ (ಕೆಸರನ್ನು ತಳಕ್ಕಿಳಿಸುವ ಪಟಿಕ) ಹೆಚ್ಚಾಗಿದ್ದುದು ಅಲ್ಲಿನ ಪುಸ್ತಕದಲ್ಲಿಯೇ ಇತ್ತು. ನಾವು ಸೂಚಿಸಿದ ಗಂಟೆಗೆ, ಸೂಚಿಸಿದ ಜಾಗದಲ್ಲಿ ವಿಧಿವತ್ತಾದ ಮಾದರಿ ತೆಗೆಯಲಾಯಿತು. ಪ್ರಯೋಗಾಲಯದ ಅಂಕಿ ನನ್ನ ಕೊಳವೆಯ ಅಂಕಿಗಿಂತ ಶೇಕಡಾ ಹತ್ತರಷ್ಟೂ ಅತ್ತಿತ್ತ ಇರಲಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಷರತ್ತಿನ ಒಕ್ಕಣೆಗೆ ನನಗೆ ದಾರಿ ತೋರಿದ್ದು ಅಮೆರಿಕದ ಆರೆಗಾನ್ ರಾಜ್ಯದ ಒಂದು ಪರವಾನಗಿ. ಹೊಳೆಯ ತಳದಿಂದ ಚಿನ್ನ ಎತ್ತುವ ಸಣ್ಣ ಸಕ್ಷನ್ ಡ್ರೆಜ್‌ಗಳಿಗೆ ಅಲ್ಲಿ, ಕದಡಿದ ನೀರು 300 ಅಡಿಗಿಂತ ಕೆಳಗೆ ಕಣ್ಣಿಗೆ ಕಾಣಬಾರದು ಎಂಬ ನಿಯಮವಿದೆ. ಕ್ಯಾಲಿಫೋರ್ನಿಯಾ ಇನ್ನೂ ಮುಂದೆ ಹೋಗಿ 2009ರಲ್ಲಿ ಅಂಥ ಡ್ರೆಜ್‌ಗಳನ್ನೇ ತಡೆಹಿಡಿಯಿತು. ಹಳೆಯ ಚಿನ್ನದ ಗಣಿಗಳ ಪಾದರಸ ಅಲ್ಲಿನ ಹೊಳೆಗಳ ತಳದಲ್ಲಿ ಇನ್ನೂ ಕೂತಿರುವುದರಿಂದ ಅದನ್ನು ಕೆದಕುವುದು ಅಲ್ಲಿ ದೊಡ್ಡ ಚಿಂತೆ. ನಮ್ಮ ಹೊಳೆಗೆ ಆ ಚರಿತ್ರೆಯಿಲ್ಲ, ಆದರೆ ದೂರವನ್ನೇ ಷರತ್ತಾಗಿಸುವ ಉಪಾಯ ಇಲ್ಲಿಗೂ ಸಲ್ಲುತ್ತದೆ. ನಾವು ಕೇಳಿದ್ದು ಹೀಗೆ: ನೀರು ವಾಪಸು ಬೀಳುವ ಬಾಯಿಯಿಂದ ನೂರು ಮೀಟರ್ ಕೆಳಗೆ ಕೊಳವೆಯ ಅಳತೆ 40 ಸೆಂಟಿಮೀಟರಿಗಿಂತ ಇಳಿದರೆ ಪಂಪು ನಿಲ್ಲಬೇಕು, ಮತ್ತೆ ಏರಿದ ಮೇಲೆ ಓಡಬೇಕು. ಕಣ್ಣಿನ ಅಂದಾಜಿಗೆ ಬಿಟ್ಟರೆ ಜಗಳ ಮುಗಿಯುವುದಿಲ್ಲ. ಅಂಕಿಯಿದ್ದರೆ ಗುತ್ತಿಗೆದಾರನ ಮೇಸ್ತ್ರಿಯೂ ತಾನೇ ಅಳೆದುಕೊಳ್ಳಬಹುದು. ಎಳೆದಾಟದ ನಂತರ 30 ಸೆಂಟಿಮೀಟರಿಗೆ ಒಪ್ಪಿಗೆಯಾಗಿ, ದಡದಲ್ಲಿ ವಾಪಸು ಬರುವ ನೀರಿನ ಕೆಸರು ತಂಗಲು ಎರಡು ಹಂತದ ಗುಂಡಿ ಕಡ್ಡಾಯವಾಯಿತು. ಗುಂಡಿಗೆ ತಗಲುವ ಖರ್ಚಿನ ಬಗ್ಗೆ ಮೊದಲು ಗೊಣಗಿದ ಗುತ್ತಿಗೆದಾರರು, ಎರಡನೆಯ ಗುಂಡಿಯಲ್ಲಿ ಲೋಡುಗಟ್ಟಲೆ ನುಣುಪು ಮರಳು ಕೂಡಿದ್ದನ್ನು ಕಂಡು ಸುಮ್ಮನಾದರು.

ಹಣದ ಲೆಕ್ಕವನ್ನೂ ಹೇಳಬೇಕು. ಕೊಳವೆ ಒಂದಕ್ಕೆ ಸಾವಿರದ ಎಂಟುನೂರರ ಸುಮಾರಿಗೆ ಬಿತ್ತು, ನಾಲ್ಕು ಮಾಡಿಸಿದೆವು. ಪ್ರಯೋಗಾಲಯಕ್ಕೆ ಒಟ್ಟು ಇಪ್ಪತ್ತು ಸಾವಿರ ಮೀರಿತು. ದೋಣಿಗೆ ಡೀಸೆಲ್ ಮಾತ್ರ ನಮ್ಮದು, ದೋಣಿ ಮೀನುಗಾರರದ್ದು. ಬಾಡಿಗೆ ಕೊಟ್ಟಿದ್ದರೆ ಕೆಲಸ ಅರ್ಧಕ್ಕೇ ನಿಲ್ಲುತ್ತಿತ್ತು. ಹಾಳಾದ ಮೀಟರನ್ನೂ ಸೇರಿಸಿದರೆ ಎಪ್ಪತ್ತು ಸಾವಿರದ ಹತ್ತಿರ. ಇವತ್ತು ಹೊಸದಾಗಿ ಶುರುಮಾಡುವವರು ಹದಿನೈದು ಸಾವಿರದೊಳಗೆ ಮುಗಿಸಬಹುದು.

ಇದರ ನಡುವೆ ಕೆಲವು ಅಡ್ಡ ಪ್ರಯೋಗಗಳನ್ನೂ ಮಾಡಿದೆ. ನೀರು ಬೀಳುವ ಬಾಯಿಯ ಸುತ್ತ ತೆಂಗಿನ ನಾರಿನ ಹಾಸನ್ನು ಪರದೆಯಂತೆ ಇಳಿಬಿಟ್ಟಾಗ ಮೊದಲ ವಾರ ಕದಡು ಅರ್ಧಕ್ಕೆ ಇಳಿಯಿತು. ಮುಂದೆ ನಾರಿನ ಸಂದುಗಳು ಕಟ್ಟಿಕೊಂಡು ನೀರು ತಳದಿಂದ ನುಗ್ಗಿ ಹೋಯಿತು. ಆಗಾಗ ಬದಲಿಸುವವರಿದ್ದರೆ ಅದು ಕೆಟ್ಟ ಉಪಾಯವಲ್ಲ. ಅಳಿವೆಯ ಕಡೆ ತಳದಲ್ಲಿ ಹೆಂಚುಗಳನ್ನು ಇಟ್ಟು ಎಷ್ಟು ಹೂಳು ಕೂರುತ್ತದೆ ಎಂದು ಅಳೆಯಹೋದಾಗ ಇಳಿತದ ಸೆಳೆತಕ್ಕೆ ಹೆಂಚುಗಳೇ ಮಗುಚಿದವು. ಒರಟು ಮೈಯ ಸಿಮೆಂಟ್ ಬಿಲ್ಲೆಗಳು ಮಾತ್ರ ನಿಂತವು. ಮರಳು ತೆಗೆದು ತಳ ಆಳವಾದಲ್ಲೆಲ್ಲ ಉಪ್ಪುನೀರು ಮೇಲಕ್ಕೇರುತ್ತದೆ ಎಂಬುದನ್ನು ತಿಳಿಯಲು ದಡದ ಬಾವಿನೀರಿನ ಉಪ್ಪಿನಂಶ ತೋರಿಸುವ ವಿದ್ಯುತ್ ವಾಹಕತೆಯನ್ನು ಪ್ರತಿ ಅಮಾವಾಸ್ಯೆ, ಹುಣ್ಣಿಮೆಗೆ ಬರೆದಿಡುತ್ತಿದ್ದೇನೆ. ಅದರಿಂದ ಏನಾದರೂ ಹೇಳಲು ಇನ್ನೂ ಎರಡು ಬೇಸಿಗೆಯ ಅಂಕಿ ಬೇಕು.

ಅಳಿವೆಯ ಅಕ್ರಮ ಪಂಪುಗಳಿಗೂ ಕೊಳವೆ ಈಗ ಉಪಯೋಗಕ್ಕೆ ಬರುತ್ತಿದೆ. ಇಳಿತ ಶುರುವಾದ ಎರಡನೆಯ ಮತ್ತು ಮೂರನೆಯ ಗಂಟೆಯಲ್ಲಿ ಮಾತ್ರ, ಮೇಲ್ಮೈಯನ್ನು ಬಿಟ್ಟು ತಳದಿಂದ ಒಂದು ಮೊಳ ಮೇಲಿನ ನೀರನ್ನು ತೆಗೆದರೆ, ಹಿಂದಿನ ರಾತ್ರಿ ಪಂಪು ಓಡಿದ ಜಾಗವನ್ನು ಬಹುಮಟ್ಟಿಗೆ ಗುರುತಿಸಬಹುದು. ಆ ನೀರನ್ನು ತಳ ಕದಡದಂತೆ ಎತ್ತುವ ಸಾಧನವನ್ನು ದೋಣಿಯ ಹುಡುಗರೊಬ್ಬರು ಮಾಡಿಕೊಟ್ಟಿದ್ದಾರೆ. ಅದು ಅವರ ಸ್ವತ್ತಾದ್ದರಿಂದ ಅದರ ವಿವರವನ್ನು ಅವರೇ ಹೇಳಬೇಕು. ಕೊಳವೆ ಮಾಡಿಸುವವರು ಒಂದನ್ನು ನೆನಪಿಡಬೇಕು: ಅಕ್ರಿಲಿಕ್ ತರುವಾಗ ಗೋಡೆಯ ದಪ್ಪ ಮೂರು ಮಿಲಿಮೀಟರಿಗೆ ಕಡಿಮೆಯಿದ್ದರೆ ತಳದ ಅಂಟು ಎರಡೇ ತಿಂಗಳಿಗೆ ಬಿಟ್ಟುಹೋಗುತ್ತದೆ.